ಯಂತ್ರದ ಮೇಲಿನ ತೆರಿಗೆ ಹೋಯಿತು, ಊರಿನ ಆದಾಯ ಉಳಿಯಿತೇ? ಮಿಷಿಗನ್ ರಾಜ್ಯದ ನಾಲ್ಕು ದಶಕಗಳ ಲೆಕ್ಕಾಚಾರ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕಾರ್ಖಾನೆಯೊಂದು ಯಂತ್ರ ಕೊಂಡರೆ, ಕೊಳ್ಳುವಾಗಿನ ಖರ್ಚು ಅಲ್ಲಿಗೇ ಮುಗಿಯುತ್ತಿರಲಿಲ್ಲ. ಆ ಯಂತ್ರ ಕೆಲಸ ಮಾಡುವಷ್ಟು ವರ್ಷವೂ ಅದರ ಮೇಲೆ ಆಸ್ತಿ ತೆರಿಗೆ ಕಟ್ಟಬೇಕಿತ್ತು. ಜಮೀನು, ಕಟ್ಟಡದ ತೆರಿಗೆ ಬೇರೆಯೇ. ಇದು ಮೇಜು, ಕಂಪ್ಯೂಟರ್, ಲೇತ್, ಅಚ್ಚು, ಅಂಗಡಿಯ ಫ್ರಿಜ್ ಇಂಥ ವ್ಯಾಪಾರದ ಚರಾಸ್ತಿಯ ಮೇಲಿನ ತೆರಿಗೆ. ಮನೆಬಳಕೆಯ ಸಾಮಾನಿಗೆ ಇದು ಅನ್ವಯಿಸುತ್ತಿರಲಿಲ್ಲ. 1893ರ ಆಸ್ತಿ ತೆರಿಗೆ ಕಾಯ್ದೆಯಿಂದ ಬಂದ ಈ ಪದ್ಧತಿಯನ್ನು ತಯಾರಿಕಾ ವಲಯದ ಮಟ್ಟಿಗೆ ತೆಗೆದುಹಾಕುವ ಕಾಯ್ದೆಗಳಿಗೆ 2012ರಲ್ಲಿ ಸಹಿ ಬಿತ್ತು. ಕೊನೆಯ ಕಂತಿನ ಯಂತ್ರಗಳು ತೆರಿಗೆಯಿಂದ ಹೊರಬಂದದ್ದು 2023ರಲ್ಲಿ. ತೆರಿಗೆ ರದ್ದು ಮಾಡುವುದು ಸುಲಭದ ಭಾಗವಾಗಿತ್ತು. ಅದರಿಂದ ಬರುತ್ತಿದ್ದ ಹಣದ ಮೇಲೆ ಪೊಲೀಸ್, ಅಗ್ನಿಶಾಮಕ ದಳ, ಶಾಲೆ ನಡೆಸುತ್ತಿದ್ದ ಊರುಗಳಿಗೆ ಬದಲಿ ಆದಾಯವನ್ನು, ಅದೂ ಮುಂದಿನ ಸರ್ಕಾರ ಕಿತ್ತುಕೊಳ್ಳದ ಹಾಗೆ, ಕಟ್ಟಿಕೊಡುವುದೇ ನಿಜವಾದ ಕಷ್ಟ.

ಹಳೆಯ ಲೆಕ್ಕ ಹೇಗಿತ್ತೆಂದು ಮೊದಲು ನೋಡೋಣ. ಡಿಸೆಂಬರ್ 31ರಂದು ಯಾರ ಬಳಿ ಏನಿದೆಯೋ ಅದರ ಪಟ್ಟಿಯನ್ನು ಫೆಬ್ರುವರಿ 20ರೊಳಗೆ ನಗರ ಅಥವಾ ಟೌನ್‌ಶಿಪ್‌ನ (ಕೌಂಟಿಯೊಳಗಿನ ಸ್ಥಳೀಯ ಆಡಳಿತ ಘಟಕ) ಅಸೆಸರ್‌ಗೆ, ಅಂದರೆ ಆಸ್ತಿಯ ಮೌಲ್ಯ ಕಟ್ಟುವ ಅಧಿಕಾರಿಗೆ, ಕೊಡಬೇಕು. ಯಾವ ವರ್ಷ ಕೊಂಡದ್ದು, ಎಷ್ಟು ಕೊಟ್ಟು ಕೊಂಡದ್ದು ಎಂಬ ಎರಡು ವಿವರ ಮುಖ್ಯ. ರಾಜ್ಯ ತೆರಿಗೆ ಆಯೋಗದ ಕೋಷ್ಟಕದಲ್ಲಿ ಪ್ರತಿ ಬಗೆಯ ವಸ್ತುವಿಗೂ ವಯಸ್ಸಿನ ಪ್ರಕಾರ ಸವಕಳಿಯ ಗುಣಕ ಇರುತ್ತದೆ. ಯಂತ್ರೋಪಕರಣಕ್ಕೆ ಮೊದಲ ವರ್ಷ 0.89, ಎರಡನೆಯ ವರ್ಷ 0.76, ಹೀಗೆ ಇಳಿಯುತ್ತದೆ. 1,00,000 ಡಾಲರಿನ ಯಂತ್ರವಾದರೆ ಮೊದಲ ವರ್ಷದ ಮೌಲ್ಯ 89,000. ಮಿಷಿಗನ್‌ನಲ್ಲಿ ಅದರ ಅರ್ಧಕ್ಕೆ ತೆರಿಗೆ, ಅಂದರೆ 44,500ಕ್ಕೆ. ದರವನ್ನು ಮಿಲ್‌ಗಳಲ್ಲಿ ಹೇಳುತ್ತಾರೆ. ಒಂದು ಮಿಲ್ ಎಂದರೆ ಸಾವಿರಕ್ಕೆ ಒಂದು ಡಾಲರ್. ಊರು, ಕೌಂಟಿ, ಗ್ರಂಥಾಲಯ ಎಲ್ಲದರ ದರ ಸೇರಿ 30 ಮಿಲ್ ಎಂದು ಹಿಡಿದರೆ ಆ ವರ್ಷದ ತೆರಿಗೆ 1,335 ಡಾಲರ್, ಮರುವರ್ಷ 1,140. ಗುಣಕ ಸೊನ್ನೆಗೆ ಮುಟ್ಟುವುದೇ ಇಲ್ಲ. ಇಪ್ಪತ್ತು ವರ್ಷ ಹಳೆಯ ಯಂತ್ರವೂ ಓಡುತ್ತಿದ್ದರೆ ಏನಾದರೂ ಕಟ್ಟಲೇಬೇಕು.

ಕಟ್ಟಡ ಕಣ್ಣಿಗೆ ಕಾಣುತ್ತದೆ, ಅಳೆಯಬಹುದು. ಚರಾಸ್ತಿ ಹಾಗಲ್ಲ. ಅಸೆಸರ್ ನಂಬಬೇಕಾದದ್ದು ವ್ಯಾಪಾರಿಯೇ ಕೊಟ್ಟ ಪಟ್ಟಿಯನ್ನು. ಗುಜರಿಗೆ ಹಾಕಿದ ಯಂತ್ರ ಲೆಕ್ಕಪುಸ್ತಕದಿಂದ ಇಳಿಯದೆ ವರ್ಷಾನುಗಟ್ಟಲೆ ತೆರಿಗೆ ಕಟ್ಟಿಸಿಕೊಳ್ಳುವುದು ಒಂದು ಕಡೆ. ಬಾಡಿಗೆಗೆ ತಂದ ಉಪಕರಣವನ್ನು ಮಾಲೀಕನೂ ಬಳಸುವವನೂ ಇಬ್ಬರೂ ಬಿಟ್ಟುಬಿಡುವುದು ಇನ್ನೊಂದು ಕಡೆ. ಸಣ್ಣ ಅಂಗಡಿಯೊಂದರಿಂದ ಬರುವ ನೂರಿನ್ನೂರು ಡಾಲರಿಗೆ ಎರಡೂ ಕಡೆ ಕಾಗದ ಪತ್ರದ ಖರ್ಚೇ ಹೆಚ್ಚು. ಹೊಸ ಯಂತ್ರಕ್ಕೆ ಅತಿ ಹೆಚ್ಚು ತೆರಿಗೆ, ಹಳೆಯದಕ್ಕೆ ಕಡಿಮೆ ಎಂಬುದೂ ಕಾರ್ಖಾನೆ ನವೀಕರಿಸುವವರನ್ನು ದಂಡಿಸಿದ ಹಾಗೆ. ಈ ದೂರುಗಳೆಲ್ಲ ನ್ಯಾಯವಾದವೇ.

ಅದಕ್ಕಾಗಿ ರಾಜ್ಯ ಬಹಳ ಹಿಂದೆಯೇ ಇದನ್ನು ಚೂರುಚೂರಾಗಿ ಕತ್ತರಿಸತೊಡಗಿತು. 1974ರ 198ನೇ ಕಾಯ್ದೆಯ ಪ್ರಕಾರ ಊರಿನ ಆಡಳಿತ ಒಪ್ಪಿದರೆ ಹೊಸ ಕೈಗಾರಿಕೆಗೆ 12 ವರ್ಷದವರೆಗೆ ಸುಮಾರು ಅರ್ಧ ತೆರಿಗೆ. 1976ರಲ್ಲಿ ದಾಸ್ತಾನು ಸರಕಿನ ಮೇಲಿನ ತೆರಿಗೆ ಪೂರ್ತಿ ಹೋಯಿತು. ಅದರ ಜಾಗಕ್ಕೆ ಬಂದದ್ದು ಏಕ ವ್ಯಾಪಾರ ತೆರಿಗೆ. 1998ರ 328ನೇ ಕಾಯ್ದೆ ಸಂಕಷ್ಟದಲ್ಲಿದ್ದ ಊರುಗಳಿಗೆ ಹೊಸ ಚರಾಸ್ತಿಯನ್ನು ಪೂರ್ಣ ಬಿಟ್ಟುಕೊಡುವ ಅಧಿಕಾರ ಕೊಟ್ಟಿತು. 2007ರ ಸುಧಾರಣೆಯಲ್ಲಿ ಕೈಗಾರಿಕಾ ಚರಾಸ್ತಿಗೆ ಶಾಲೆಯ 18 ಮಿಲ್ ಮತ್ತು ರಾಜ್ಯ ಶಿಕ್ಷಣ ತೆರಿಗೆಯ 6 ಮಿಲ್ ಎರಡೂ ಮಾಫಿಯಾದವು, ಉಳಿದ ತೆರಿಗೆಯ ಶೇ 35ರಷ್ಟು ಮಿಷಿಗನ್ ವ್ಯಾಪಾರ ತೆರಿಗೆಯಲ್ಲಿ ವಾಪಸು ಸಿಗುತ್ತಿತ್ತು. 2012ರಿಂದ ಆ ವ್ಯಾಪಾರ ತೆರಿಗೆಯ ಬದಲು ಶೇ 6ರ ಸರಳ ಕಾರ್ಪೊರೇಟ್ ಆದಾಯ ತೆರಿಗೆ ಬಂದಾಗ ಈ ಶೇ 35ರ ಸೌಲಭ್ಯ ಕಳಚಿಬಿತ್ತು. ಕಾರ್ಖಾನೆಗಳ ಪಾಲಿಗೆ ಯಂತ್ರದ ತೆರಿಗೆ ಇದ್ದಕ್ಕಿದ್ದಂತೆ ಮತ್ತೆ ಭಾರವಾಯಿತು. 2012ರಲ್ಲಿ ಪೂರ್ಣ ರದ್ದತಿಯ ಬೇಡಿಕೆ ಜೋರಾದದ್ದಕ್ಕೆ ಇದು ದೊಡ್ಡ ಕಾರಣ.

ಊರುಗಳು ಹೆದರಿದ್ದಕ್ಕೆ ಹಳೆಯ ಕಾರಣ ಇತ್ತು. ದಾಸ್ತಾನು ತೆರಿಗೆ ಹೋದಾಗ ರಾಜ್ಯ ನಷ್ಟ ತುಂಬಿಕೊಡುವುದಾಗಿ ಒಪ್ಪಿತ್ತು. ಆ ಮರುಪಾವತಿ ಕ್ರಮೇಣ ರಾಜಸ್ವ ಹಂಚಿಕೆಯ, ಅಂದರೆ ರಾಜ್ಯ ತನ್ನ ತೆರಿಗೆಯಲ್ಲಿ ಊರುಗಳಿಗೆ ಕೊಡುವ ಪಾಲಿನ, ಸಾಮಾನ್ಯ ಸೂತ್ರದೊಳಗೆ ಕರಗಿಹೋಯಿತು. ಆ ಹಂಚಿಕೆಯಲ್ಲಿ ಎರಡು ಪಾಲು ಇವೆ. ಒಂದು ರಾಜ್ಯ ಸಂವಿಧಾನದಲ್ಲೇ ಬರೆದದ್ದು: ಮಾರಾಟ ತೆರಿಗೆಯ ಮೊದಲ ಶೇ 4ರ ದರದಿಂದ ಬರುವ ಹಣದಲ್ಲಿ ಶೇ 15. ಇನ್ನೊಂದು ಕಾಯ್ದೆಯಿಂದ ಬಂದು, ಬಜೆಟ್‌ನಲ್ಲಿ ಪ್ರತಿ ವರ್ಷ ಮಂಜೂರಾಗಬೇಕಾದದ್ದು. 2001ರ ನಂತರ ರಾಜ್ಯದ ಆದಾಯ ಕುಸಿದಾಗ ಸಂವಿಧಾನದ ಪಾಲನ್ನು ಯಾರೂ ಮುಟ್ಟಲಾಗಲಿಲ್ಲ. ಬಜೆಟ್‌ನ ಪಾಲು ಮಾತ್ರ ವರ್ಷದಿಂದ ವರ್ಷಕ್ಕೆ ಸೂತ್ರಕ್ಕಿಂತ ಕೆಳಗಿಳಿಯಿತು.

ಪಕ್ಕದ ಓಹಾಯೊದ ಅನುಭವ ಇನ್ನೂ ಹತ್ತಿರದ್ದು. ಅಲ್ಲಿ 2005ರಲ್ಲಿ ಗವರ್ನರ್ ಬಾಬ್ ಟಾಫ್ಟ್ ಅವಧಿಯಲ್ಲಿ ಚರಾಸ್ತಿ ತೆರಿಗೆಯನ್ನು ಹಂತಹಂತವಾಗಿ ತೆಗೆಯುವ ಕಾಯ್ದೆ ಬಂತು. ಮೌಲ್ಯದ ಶೇ 25ಕ್ಕೆ ಹಾಕುತ್ತಿದ್ದ ತೆರಿಗೆ 2006ರಲ್ಲಿ ಶೇ 18.75ಕ್ಕೆ, ನಂತರ 12.5ಕ್ಕೆ, 6.25ಕ್ಕೆ ಇಳಿದು 2009ರಲ್ಲಿ ಸೊನ್ನೆಯಾಯಿತು. ಬದಲಿಗೆ ವ್ಯಾಪಾರದ ಒಟ್ಟು ವಹಿವಾಟಿನ ಮೇಲೆ ಶೇ 0.26ರ ವಾಣಿಜ್ಯ ಚಟುವಟಿಕೆ ತೆರಿಗೆ. ಅದರಿಂದ ಶಾಲೆ ಮತ್ತು ಊರುಗಳಿಗೆ ಮೊದಲ ಕೆಲವು ವರ್ಷ ಪೂರ್ಣ ಪರಿಹಾರ, ಆಮೇಲೆ 2018ರವರೆಗೆ ನಿಧಾನವಾಗಿ ಇಳಿಕೆ ಎಂಬ ಏರ್ಪಾಟು. ಆದರೆ 2011ರಲ್ಲಿ ಗವರ್ನರ್ ಜಾನ್ ಕೇಸಿಕ್ ಸರ್ಕಾರದ ಮೊದಲ ಬಜೆಟ್ ಆ ಇಳಿಕೆಯ ವೇಗ ಹೆಚ್ಚಿಸಿತು. ಪರಿಹಾರ ನಂಬಿ ಲೆಕ್ಕ ಹಾಕಿಕೊಂಡಿದ್ದ ಶಾಲಾ ಜಿಲ್ಲೆಗಳು ಹೊಸ ತೆರಿಗೆ ಕೇಳಿಕೊಂಡು ಮತದಾರರ ಮುಂದೆ ಹೋಗಬೇಕಾಯಿತು. ಬದಲಿಯಾಗಿ ಬಂದ ತೆರಿಗೆಯೂ ಈಗ ಕುಗ್ಗುತ್ತಿದೆ: ವಿನಾಯಿತಿಯ ಮಿತಿ 10 ಲಕ್ಷ ಡಾಲರಿನಿಂದ 2024ರಲ್ಲಿ 30 ಲಕ್ಷಕ್ಕೆ, 2025ರಲ್ಲಿ 60 ಲಕ್ಷಕ್ಕೆ ಏರಿದೆ.

ಮಿಷಿಗನ್‌ನಲ್ಲಿ 2012ರ ಡಿಸೆಂಬರಿನಲ್ಲಿ, ಶಾಸನಸಭೆಯ ಅವಧಿ ಮುಗಿಯುವ ಗಡಿಬಿಡಿಯಲ್ಲಿ, ಮೊದಲ ಕಾಯ್ದೆಗಳ ಕಟ್ಟಿಗೆ ಗವರ್ನರ್ ರಿಕ್ ಸ್ನೈಡರ್ ಸಹಿ ಹಾಕಿದರು. ಆ ರೂಪದಲ್ಲಿ ಊರುಗಳಿಗೆ ಪೂರ್ಣ ಪರಿಹಾರ ಇರಲಿಲ್ಲ. ಪೊಲೀಸ್, ಅಗ್ನಿಶಾಮಕದ ಕೊರತೆಯನ್ನು ಊರೇ ಒಂದು ವಿಶೇಷ ಶುಲ್ಕ ಹಾಕಿ ತುಂಬಿಕೊಳ್ಳಬೇಕಿತ್ತು. ಅಂದರೆ ರಾಜ್ಯ ಕೊಟ್ಟ ವಿನಾಯಿತಿಯ ಕಹಿಯನ್ನು ಊರಿನ ಪ್ರತಿನಿಧಿ ಮತದಾರನಿಗೆ ಬಡಿಸಬೇಕು. ಸ್ಥಳೀಯ ಸಂಸ್ಥೆಗಳು ಒಪ್ಪಲಿಲ್ಲ. ಒಂದೂವರೆ ವರ್ಷದ ಮಾತುಕತೆಯ ನಂತರ 2014ರಲ್ಲಿ ಎಲ್ಲವನ್ನೂ ತಿದ್ದಿ ಬರೆದರು. ನಗರಗಳ ಒಕ್ಕೂಟವಾದ ಮಿಷಿಗನ್ ಮುನಿಸಿಪಲ್ ಲೀಗ್ ಈ ಸಲ ಬೆಂಬಲಕ್ಕೆ ನಿಂತಿತು.

ಆ ತಿದ್ದುಪಡಿಯ ಜಾಣ್ಮೆ ಇರುವುದು ಹಣದ ಮೂಲದಲ್ಲಿ. ರಾಜ್ಯದಲ್ಲಿ ಮಾರಾಟ ತೆರಿಗೆಯ ಜೋಡಿಯಾಗಿ ಶೇ 6ರ ಬಳಕೆ ತೆರಿಗೆ ಇದೆ: ಹೊರರಾಜ್ಯದಿಂದ ತರಿಸಿದ ಸರಕು, ಹೋಟೆಲ್ ಕೋಣೆ, ದೂರಸಂಪರ್ಕ ಸೇವೆ ಇತ್ಯಾದಿಗಳ ಮೇಲೆ. ಅದರಲ್ಲಿ ಮೂರನೇ ಒಂದು ಭಾಗ ಶಾಲಾ ನಿಧಿಗೆ ಮೀಸಲು. ಉಳಿದ ಭಾಗದಿಂದ ಒಂದು ಪಾಲನ್ನು ರಾಜ್ಯ ತಾನು ಬಿಟ್ಟುಕೊಟ್ಟು, ಅಷ್ಟೇ ದರವನ್ನು ‘ಸ್ಥಳೀಯ ಸಮುದಾಯ ಸ್ಥಿರೀಕರಣ ಪ್ರಾಧಿಕಾರ’ ಎಂಬ ಹೊಸ ಸಂಸ್ಥೆ ವಿಧಿಸುವಂತೆ ಮಾಡಿತು. ಗ್ರಾಹಕನಿಗೆ ಶೇ 6ರಲ್ಲಿ ಏನೂ ಬದಲಾಗಲಿಲ್ಲ. ಆದರೆ ಆ ಪಾಲು ಈಗ ರಾಜ್ಯದ ಹಣವಲ್ಲ, ಸ್ಥಳೀಯ ತೆರಿಗೆ. ಹೀಗಾಗಿ ಪ್ರತಿ ವರ್ಷದ ಬಜೆಟ್ ಮಂಜೂರಾತಿಗೆ ಅದು ಬರುವುದೇ ಇಲ್ಲ. ಕಾಯ್ದೆಯನ್ನೇ ತಿದ್ದುವ ಅಧಿಕಾರ ಶಾಸನಸಭೆಗೆ ಇದ್ದೇ ಇದೆ, ಆದರೆ ಬಜೆಟ್‌ನ ಯಾವುದೋ ಸಾಲಿನಲ್ಲಿ ಸದ್ದಿಲ್ಲದೆ ಕತ್ತರಿಸಲಾಗದು. 1976ರ ದಾಸ್ತಾನು ಪರಿಹಾರಕ್ಕೆ ಇಲ್ಲದಿದ್ದ ಕಾವಲು ಇದು.

ಸ್ಥಳೀಯ ತೆರಿಗೆ ಎಂದಾದ ಕೂಡಲೇ ರಾಜ್ಯ ಸಂವಿಧಾನಕ್ಕೆ 1978ರಲ್ಲಿ ಆದ ಹೆಡ್ಲೀ ತಿದ್ದುಪಡಿ ಅಡ್ಡ ಬರುತ್ತದೆ. ಆ ಘಟಕದ ಮತದಾರರು ಒಪ್ಪದೆ ಹೊಸ ಸ್ಥಳೀಯ ತೆರಿಗೆ ಹಾಕುವಂತಿಲ್ಲ. ಪ್ರಾಧಿಕಾರದ ವ್ಯಾಪ್ತಿ ಇಡೀ ರಾಜ್ಯವಾದ್ದರಿಂದ ಇಡೀ ರಾಜ್ಯವೇ ಮತ ಹಾಕಬೇಕಾಯಿತು. 2014ರ ಆಗಸ್ಟ್ 5ರಂದು ‘ಪ್ರಸ್ತಾವ 1’ ಸುಮಾರು ಶೇ 69 ಮತಗಳಿಂದ ಗೆದ್ದಿತು. ಸೋತಿದ್ದರೆ ವಿನಾಯಿತಿಗಳೂ ಬಿದ್ದುಹೋಗುವಂತೆ ಎರಡನ್ನೂ ಗಂಟು ಹಾಕಲಾಗಿತ್ತು. ಬದಲಿ ಆದಾಯವಿಲ್ಲದೆ ವಿನಾಯಿತಿ ಇಲ್ಲ ಎಂಬ ಈ ಗಂಟೇ, ನನ್ನ ದೃಷ್ಟಿಯಲ್ಲಿ, ಇಡೀ ಸುಧಾರಣೆಯ ಅತ್ಯಂತ ಪ್ರಾಮಾಣಿಕ ಭಾಗ.

ವಿನಾಯಿತಿ ಎರಡು ಬಗೆ. ಒಂದು ನಗರ ಅಥವಾ ಟೌನ್‌ಶಿಪ್‌ನೊಳಗೆ ಒಬ್ಬನ ಒಟ್ಟು ಚರಾಸ್ತಿ 80,000 ಡಾಲರಿಗಿಂತ ಕಡಿಮೆಯಿದ್ದರೆ 2014ರಿಂದಲೇ ಪೂರ್ಣ ಮಾಫಿ. 2023ರಿಂದ ಈ ಮಿತಿ 1,80,000 ಡಾಲರ್ ಆಗಿದೆ. ಅರ್ಜಿಯ ಪ್ರಮಾಣಪತ್ರ ನಮೂನೆ 5076. ಎಡವುವುದು ಸಾಮಾನ್ಯವಾಗಿ ಮೊತ್ತ ಕೂಡುವಲ್ಲಿ: ಒಂದೇ ಊರಿನಲ್ಲಿ ಮೂರು ಅಂಗಡಿಯಿದ್ದರೆ ಮೂರರದ್ದೂ ಸೇರಬೇಕು, ಒಂದೇ ಹಿಡಿತದಲ್ಲಿರುವ ಸಹೋದರ ಕಂಪನಿಗಳದ್ದೂ ಸೇರಬೇಕು. ಪಕ್ಕದ ಊರಿನದ್ದು ಮಾತ್ರ ಬೇರೆ ಲೆಕ್ಕ.

ಎರಡನೆಯದು ತಯಾರಿಕೆಯ ಚರಾಸ್ತಿಗೆ. ಒಂದು ಜಾಗದಲ್ಲಿರುವ ಒಟ್ಟು ಚರಾಸ್ತಿಯ ಖರೀದಿ ಬೆಲೆಯಲ್ಲಿ ಶೇ 50ಕ್ಕಿಂತ ಹೆಚ್ಚು ತಯಾರಿಕೆಗೆ ಅಥವಾ ಅದಕ್ಕೆ ನೇರವಾಗಿ ಜೋಡಿಕೊಂಡ ಸಂಶೋಧನೆ, ಪರೀಕ್ಷೆ, ಗುಣಮಟ್ಟ ನಿಯಂತ್ರಣದಂಥ ಕೆಲಸಕ್ಕೆ ಬಳಕೆಯಾಗುತ್ತಿದ್ದರೆ ಆ ಜಾಗದ ಎಲ್ಲ ಚರಾಸ್ತಿಯೂ ಹೊರಗೆ, ಕಚೇರಿಯ ಕುರ್ಚಿಯೂ ಸೇರಿ. ಶೇ 49 ಆದರೆ ಏನೂ ಇಲ್ಲ. ಹೀಗಾಗಿ ಗೋದಾಮು ಮತ್ತು ಕಾರ್ಖಾನೆ ಒಂದೇ ಜಾಗದಲ್ಲಿರುವವರಿಗೆ ಈ ಗೆರೆಯೇ ವ್ಯಾಜ್ಯದ ಮೂಲ. ಮಾರಾಟಕ್ಕಾಗಿ ವಿದ್ಯುತ್ ತಯಾರಿಸುವ ಉಪಕರಣ ಇದರಲ್ಲಿ ಸೇರದು. 2016ರಲ್ಲಿ 2006ಕ್ಕಿಂತ ಮೊದಲು ಕೊಂಡವು ಮತ್ತು 2012ರ ನಂತರ ಕೊಂಡವು ಒಟ್ಟಿಗೆ ಹೊರಬಂದವು. ನಡುವಿನ ಏಳು ವರ್ಷದವು ವರ್ಷಕ್ಕೊಂದರಂತೆ, 2006ರವು 2017ರಲ್ಲಿ, 2012ರವು 2023ರಲ್ಲಿ. ಹೊಸ ಹೂಡಿಕೆಗೆ ಬೇಗ ಲಾಭ, ಊರುಗಳ ನಷ್ಟ ಮಾತ್ರ ಹಲವು ವರ್ಷಕ್ಕೆ ಹರಡಿಕೆ ಎಂಬುದು ಇದರ ಲೆಕ್ಕ.

ಕಾರ್ಖಾನೆಗಳೂ ಪೂರ್ತಿ ಬಿಡುಗಡೆಯಾಗಲಿಲ್ಲ. ವಿನಾಯಿತಿ ಪಡೆದ ಯಂತ್ರಕ್ಕೆ ರಾಜ್ಯಕ್ಕೆ ‘ಅಗತ್ಯ ಸೇವೆಗಳ ಶುಲ್ಕ’ ಕಟ್ಟಬೇಕು: ಮೊದಲ 5 ವರ್ಷ 2.4 ಮಿಲ್, 6ರಿಂದ 10ನೇ ವರ್ಷ 1.25 ಮಿಲ್, ಆಮೇಲೆ 0.9 ಮಿಲ್. ಇಲ್ಲಿ ಸವಕಳಿ ಇಲ್ಲ, ಅರ್ಧ ಮೌಲ್ಯದ ಲೆಕ್ಕವೂ ಇಲ್ಲ, ಪೂರ್ಣ ಖರೀದಿ ಬೆಲೆಯ ಮೇಲೆಯೇ. ಆದರೂ ಮೇಲಿನ 1,00,000 ಡಾಲರಿನ ಯಂತ್ರಕ್ಕೆ 1,335ರ ಬದಲು 240 ಡಾಲರ್, ಐದು ವರ್ಷದ ನಂತರ 125, ಹತ್ತರ ನಂತರ 90. ವಿನಾಯಿತಿ ಕೋರುವ ನಮೂನೆ 5278 ಫೆಬ್ರುವರಿಯಲ್ಲಿ ಊರಿನ ಅಸೆಸರ್‌ಗೆ. ಶುಲ್ಕ ಆಗಸ್ಟ್ 15ರೊಳಗೆ ರಾಜ್ಯ ಖಜಾನೆಗೆ, ಆನ್‌ಲೈನ್‌ನಲ್ಲೇ. ಎರಡು ಕಡೆ, ಎರಡು ಗಡುವು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆತರೆ ವಿನಾಯಿತಿಯೇ ರದ್ದಾಗಿ ಆ ವರ್ಷದ ಹಳೆಯ ತೆರಿಗೆ ಪೂರ್ತಿ ತಲೆಯ ಮೇಲೆ ಬರುತ್ತದೆ. ಈ ಶುಲ್ಕ ಊರುಗಳಿಗೆ ಹೋಗುವುದಿಲ್ಲ, ಬಳಕೆ ತೆರಿಗೆ ಬಿಟ್ಟುಕೊಟ್ಟ ರಾಜ್ಯದ ಬೊಕ್ಕಸವನ್ನು ಸ್ವಲ್ಪ ತುಂಬುತ್ತದೆ.

ಪ್ರಾಧಿಕಾರದ ಹಂಚಿಕೆಯಲ್ಲಿ ಸಾಲ ತೀರಿಸಲೆಂದು ಹಾಕುವ ತೆರಿಗೆಗೆ ಮೊದಲ ಸಾಲಿನಲ್ಲೇ ಜಾಗ ಸಿಕ್ಕಿದ್ದಕ್ಕೆ ಕಾರಣವಿದೆ. ಶಾಲೆ ಕಟ್ಟಲು ತೆಗೆದ ಸಾಲಕ್ಕೆ ವರ್ಷಕ್ಕೆ ಇಂತಿಷ್ಟು ಡಾಲರ್ ಕಟ್ಟಲೇಬೇಕು. ಯಂತ್ರಗಳು ಪಟ್ಟಿಯಿಂದ ಹೊರಹೋದರೆ ಅದೇ ಮೊತ್ತ ಎತ್ತಲು ಉಳಿದವರ, ಅಂದರೆ ಮನೆಯವರ, ಮಿಲ್ ದರ ತಾನಾಗಿ ಏರುತ್ತದೆ. ಆದ್ದರಿಂದ ಶಾಲೆಗಳ ಸಾಲದ ನಷ್ಟಕ್ಕೆ, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ಜೈಲುಗಳ ನಷ್ಟಕ್ಕೆ ನೂರಕ್ಕೆ ನೂರು.

ಮೊತ್ತವನ್ನು ಕಾಯ್ದೆಯಲ್ಲೇ ವರ್ಷವಾರು ಬರೆದಿಟ್ಟಿದ್ದಾರೆ: 2015-16ಕ್ಕೆ 9.61 ಕೋಟಿ ಡಾಲರ್, ಮರುವರ್ಷ 38.06 ಕೋಟಿ, ಹೀಗೆ ಏರುತ್ತಾ 2027-28ಕ್ಕೆ 57.26 ಕೋಟಿ, ನಂತರ ವರ್ಷಕ್ಕೆ ಶೇ 1ರ ಏರಿಕೆ. ಬಳಕೆ ತೆರಿಗೆ ಕುಸಿದರೂ ಊರಿಗೆ ಬರುವ ಹಣ ಕುಸಿಯದು ಎಂಬುದು ಇದರ ಬಲ. ಆದರೆ 2014ರಲ್ಲಿ ಊಹಿಸಿ ಬರೆದ ಅಂಕಿ ನಿಜವಾದ ನಷ್ಟಕ್ಕೆ ಸರಿಹೊಂದಬೇಕೆಂದೇನಿಲ್ಲ. ಅನೇಕ ಊರುಗಳಿಗೆ ಲೆಕ್ಕದ ನಷ್ಟಕ್ಕಿಂತ ಹೆಚ್ಚೇ ಬಂದಿದೆ, ಅದು ರಾಜ್ಯದಲ್ಲಿ ಟೀಕೆಗೂ ಗುರಿಯಾಗಿದೆ. ಮುಂದಿನ ಚಿಂತೆ ಇದಕ್ಕೆ ತಿರುಗುಮುರುಗು: ಬೆಲೆಗಳು ಶೇ 1ಕ್ಕಿಂತ ವೇಗವಾಗಿ ಏರುವ ವರ್ಷಗಳಲ್ಲಿ ಆ ಮೊತ್ತದ ಕೊಳ್ಳುವ ಶಕ್ತಿ ಸವೆಯುತ್ತಲೇ ಹೋಗುತ್ತದೆ, ಆಸ್ತಿ ತೆರಿಗೆಯಂತೆ ದರ ಏರಿಸಿಕೊಳ್ಳುವ ದಾರಿಯೂ ಊರಿಗಿಲ್ಲ.

ಇನ್ನೊಂದು ಬದಲಾವಣೆ ನಿಧಾನವಾಗಿ ನಡೆಯುತ್ತಿದೆ. ಆದ್ಯತೆಯ ನಷ್ಟಗಳನ್ನು ತುಂಬಿ ಉಳಿದ ಹಣವನ್ನು ಮೊದಲು ಹಳೆಯ ನಷ್ಟದ ಅನುಪಾತದಲ್ಲಿ ಹಂಚುತ್ತಿದ್ದರು. ಪ್ರತಿ ವರ್ಷ ಅದರ ಶೇ 5ರಷ್ಟನ್ನು ಆ ಅನುಪಾತದಿಂದ ತೆಗೆದು, ಸದ್ಯ ಯಾವ ಊರಿನಲ್ಲಿ ಎಷ್ಟು ಬೆಲೆಯ ತಯಾರಿಕಾ ಯಂತ್ರಗಳಿವೆ ಎಂಬುದರ ಮೇಲೆ ಹಂಚುವ ಏರ್ಪಾಟು 2014ರ ಕಾಯ್ದೆಯಲ್ಲಿದೆ. ಹೊಸ ಕಾರ್ಖಾನೆ ಬಂದ ಟೌನ್‌ಶಿಪ್‌ಗೆ ರಸ್ತೆ, ನೀರು, ಅಗ್ನಿಶಾಮಕದ ಹೊರೆ ಇಂದೇ ಬರುತ್ತದೆ, ಪಾಲು ಮಾತ್ರ ವರ್ಷಗಳ ಮೇಲೆ ಏರುತ್ತದೆ. ಕಾರ್ಖಾನೆ ಮುಚ್ಚಿದ ಊರಿನ ಪಾಲು ಅಷ್ಟೇ ನಿಧಾನವಾಗಿ ಇಳಿಯುತ್ತದೆ, ಇಳಿಯುವುದು ಮಾತ್ರ ಖಚಿತ. ಅಂಥ ಊರುಗಳ ಬಜೆಟ್ ಬರೆಯುವವರು ಈಗಲೇ ಹತ್ತು ವರ್ಷದ ಇಳಿಕೆಯ ಪಟ್ಟಿ ಹಾಕಿಕೊಂಡು, ಯಾವ ವರ್ಷ ಯಾವ ಮಿಲ್ ದರಕ್ಕೆ ಮತದಾರರ ಒಪ್ಪಿಗೆ ಕೇಳಬೇಕೆಂದು ತೀರ್ಮಾನಿಸಬೇಕಾಗಿದೆ.