ಚಪ್ಪಾಳೆಗೆ ಮುಂಚೆ ಭಾರ ಎಲ್ಲಿದೆ ನೋಡಿ

ಗಾಲಿಕುರ್ಚಿಯೊಂದು ವೇದಿಕೆಗೆ ಬಂದ ತಕ್ಷಣ ಸಭಾಂಗಣದಲ್ಲಿ ಚಪ್ಪಾಳೆ ಏಳುತ್ತದೆ. ಕಲಾವಿದೆ ಇನ್ನೂ ಕೈ ಎತ್ತಿರುವುದಿಲ್ಲ, ಮೃದಂಗದ ಒಂದು ಪೆಟ್ಟೂ ಬಿದ್ದಿರುವುದಿಲ್ಲ. ಬಂದದ್ದಕ್ಕೇ ಚಪ್ಪಾಳೆ. ಅಂಗವಿಕಲ ಕಲಾವಿದರೂ ಇತರ ಕಲಾವಿದರೂ ಒಟ್ಟಿಗೆ ನರ್ತಿಸಿದ ಕಾರ್ಯಕ್ರಮವೊಂದಕ್ಕೆ ಇತ್ತೀಚೆಗೆ ಮೈಸೂರಿನಲ್ಲಿ ಹೋಗಿದ್ದಾಗಲೂ ಹೀಗೇ ಆಯಿತು. ಅಷ್ಟರೊಳಗೆ ನಿರೂಪಕರು ಛಲ, ಸ್ಫೂರ್ತಿ, ದೇವರ ಮಕ್ಕಳು ಎಂದೆಲ್ಲ ಹೇಳಿ ಪ್ರೇಕ್ಷಕರ ಕಣ್ಣು ಒದ್ದೆ ಮಾಡಿಟ್ಟಿದ್ದರು. ಒದ್ದೆ ಕಣ್ಣಿಗೆ ನೃತ್ಯ ಸರಿಯಾಗಿ ಕಾಣುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳು ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡುಗಳಿಂದ ನಮ್ಮಲ್ಲಿಗೆ ಬರುತ್ತಾರೆ. ಹಾಗಾಗಿ ಇಂಥ ಪ್ರದರ್ಶನದಲ್ಲಿ ನಾನು ಮೊದಲು ಹುಡುಕುವುದು ಮೈಭಾರವನ್ನು. ಯಾರ ಭಾರ ಯಾರ ಮೇಲಿದೆ, ಯಾವ ಕ್ಷಣದಲ್ಲಿ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು, ದಾಟುವ ಮುನ್ನ ಯಾರು ಯಾರಿಗೆ ಸೂಚನೆ ಕೊಟ್ಟರು. ಸಾಮಾನ್ಯ ಪ್ರೇಕ್ಷಕರಿಗೂ ನಾನು ಹೇಳುವ ದಾರಿ ಇದೇ.

ಅಂದಿನ ಒಂದು ಭಾಗವನ್ನೇ ತೆಗೆದುಕೊಳ್ಳೋಣ. ಗಾಲಿಕುರ್ಚಿಯ ಕಲಾವಿದೆ ತಾಳದ ಮೊದಲ ಕೆಲವು ಸುತ್ತುಗಳಲ್ಲಿ ಬಲಗೈಯಿಂದ ಮಾತ್ರ ಹಸ್ತಗಳನ್ನು, ಅಂದರೆ ಕೈಮುದ್ರೆಗಳನ್ನು, ತೋರಿಸಿದರು. ಎಡಗೈ ಗಾಲಿಯ ಬಳೆಯ ಮೇಲೇ, ಅಂದರೆ ಗಾಲಿ ತಿರುಗಿಸಲು ಹಿಡಿಯುವ ಹೊರಸುತ್ತಿನ ಮೇಲೇ, ಇತ್ತು. ನನ್ನ ಪಕ್ಕದಲ್ಲಿದ್ದ ಹಿರಿಯರು, ಪಾಪ, ಒಂದು ಕೈಗೂ ಶಕ್ತಿ ಇಲ್ಲ ಎಂದರು. ನಡೆಯುತ್ತಿದ್ದದ್ದು ಬೇರೆ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಪೆಟ್ಟಾದರೆ ಕೈಗಳ ಬಲ ಉಳಿಯುತ್ತದೆ, ಹೊಟ್ಟೆ ಮತ್ತು ಕೆಳಬೆನ್ನಿನ ಸ್ನಾಯುಗಳ ಹಿಡಿತ ಹೋಗುತ್ತದೆ. ಕುಳಿತಲ್ಲಿ ಮೈಯನ್ನು ನೆಟ್ಟಗಿಡಲು ನಾವು ಯೋಚಿಸದೆಯೇ ಬಳಸುವ ಸ್ನಾಯುಗಳು ಅವು. ಅಂಥವರು ಎರಡೂ ಕೈ ಮುಂದಕ್ಕೆ ಚಾಚಿದರೆ ಮೈ ಹಾಗೇ ಮುಂದಕ್ಕೆ ವಾಲುತ್ತದೆ. ಕೆಳಗಿದ್ದ ಎಡಗೈ ಆ ದೇಹದ ಕಂಬ. ಪೆಟ್ಟು ಸೊಂಟದ ಮಟ್ಟದಲ್ಲಾಗಿದ್ದರೆ ಎರಡೂ ಕೈ ಚಾಚುವ ಭಂಗಿ ಸಲೀಸು. ಎರಡು ಗಾಲಿಕುರ್ಚಿಗಳನ್ನು ನೋಡಿ ಎರಡೂ ಒಂದೇ ದೇಹ ಎಂದುಕೊಳ್ಳಬಾರದು.

ಸ್ವಲ್ಪ ಹೊತ್ತಿಗೆ ನಿಂತು ನರ್ತಿಸುತ್ತಿದ್ದ ಕಲಾವಿದ ಕುರ್ಚಿಯ ಹಿಂದೆ ಬಂದು, ಬೆನ್ನು ತಿರುಗಿಸಿ, ಮಂಡಿ ಅರ್ಧ ಮಡಿಸಿ ಅರಮಂಡಿಗೆ ಇಳಿದರು. ಆಕೆ ಬೆನ್ನನ್ನು ಅವರ ಬೆನ್ನಿಗೆ ಆನಿಸಿದರು. ಆಗ ಎಡಗೈ ಮೊದಲ ಬಾರಿಗೆ ಬಳೆಯನ್ನು ಬಿಟ್ಟು ಮೇಲೆದ್ದಿತು. ಎರಡೂ ಅಂಗೈ ಸೇರಿ ಅಂಜಲಿಯಾಯಿತು. ಭರತನಾಟ್ಯ ಕಲಿಯುವ ಮಗು ಆರಂಭದಲ್ಲೇ ಮಾಡುವ ಹಸ್ತ ಅದು. ಇಲ್ಲಿ ಅದಕ್ಕೆ ಎರಡು ದೇಹಗಳು ಬೇಕಾದವು. ನಿಂತವರ ಕೆಲಸವೂ ಸುಲಭದ್ದಾಗಿರಲಿಲ್ಲ. ಬಹುತೇಕ ಕುರ್ಚಿಗಳು ಹಿಂದಕ್ಕೆ ಬೇಗ ಮಗುಚುತ್ತವೆ. ಚುರುಕಾಗಿ ತಿರುಗಲೆಂದು ದೊಡ್ಡ ಗಾಲಿಗಳ ಅಚ್ಚನ್ನು ಮುಂದಕ್ಕೆ ಜರುಗಿಸಿದ್ದರಂತೂ ಇನ್ನೂ ಬೇಗ. ಆಕೆಯ ಭಾರ ಬಂದಷ್ಟೇ ಪ್ರಮಾಣದಲ್ಲಿ ಅವರು ಎದುರು ಒತ್ತಬೇಕು. ಹೆಚ್ಚಾದರೆ ಆಕೆ ಮುಂದಕ್ಕೆ, ಕಡಿಮೆಯಾದರೆ ಕುರ್ಚಿ ಹಿಂದಕ್ಕೆ. ಸಭಾಂಗಣದಲ್ಲಿ ಆಗ ಚಪ್ಪಾಳೆ ಬರಲಿಲ್ಲ. ಮುಂದೆ ಕುರ್ಚಿ ಗಿರಗಿರನೆ ಸುತ್ತಿದಾಗ ಬಂತು. ಸುತ್ತುವುದು ಕುರ್ಚಿಗೆ ಅತ್ಯಂತ ಸುಲಭದ ಕೆಲಸ.

ಭಾರ ಹಂಚಿಕೊಂಡು ಚಲಿಸುವ ಈ ಕ್ರಮಕ್ಕೆ ಆಧುನಿಕ ನೃತ್ಯದಲ್ಲಿ ಒಂದು ಹಾದಿಯಿದೆ. ಅಮೆರಿಕದ ಸ್ಟೀವ್ ಪ್ಯಾಕ್ಸ್ಟನ್ 1972ರಲ್ಲಿ ಆರಂಭಿಸಿದ ಕಾಂಟ್ಯಾಕ್ಟ್ ಇಂಪ್ರೊವೈಸೇಷನ್‌ನಲ್ಲಿ ಮೊದಲೇ ಕಟ್ಟಿಟ್ಟ ಹೆಜ್ಜೆಗಳಿರಲಿಲ್ಲ. ಇಬ್ಬರ ಮೈ ತಾಗುವ ಬಿಂದುವೇ ಮುಂದಿನ ಚಲನೆಯನ್ನು ಹೇಳುತ್ತಿತ್ತು. ಕಾಲು ಇಷ್ಟೇ ಎತ್ತರ ಏಳಬೇಕು ಎಂಬ ನಿಯಮ ಇಲ್ಲದಲ್ಲಿ ಅಂಗವಿಕಲರಿಗೆ ಬಾಗಿಲು ತಾನಾಗಿ ತೆರೆಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಗವಿಕಲರೂ ಇತರರೂ ಒಟ್ಟಿಗೆ ನರ್ತಿಸುವ ಆಕ್ಸಿಸ್ ತಂಡ ಹುಟ್ಟಿತು. ಲಂಡನ್ನಿನ ನರ್ತಕಿ ಸೆಲೆಸ್ಟ್ ಡ್ಯಾಂಡೇಕರ್ 1973ರಲ್ಲಿ ಪ್ರದರ್ಶನದ ನಡುವೆಯೇ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದರು. 1991ರಲ್ಲಿ ಆಡಂ ಬೆಂಜಮಿನ್ ಜೊತೆ ಸೇರಿ ಅಂಥದೇ ಕ್ಯಾಂಡೋಕೊ ತಂಡ ಕಟ್ಟಿದರು.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಸುಧಾ ಚಂದ್ರನ್ ಅವರ ಹೆಸರು. 1981ರ ಅಪಘಾತದ ನಂತರ ಕಾಲು ಕಳೆದುಕೊಂಡ ಅವರು ಜೈಪುರ ಕಾಲು ಧರಿಸಿ ಭರತನಾಟ್ಯಕ್ಕೆ ಮರಳಿದರು. ಬರಿಗಾಲಿನ ನಡಿಗೆಗೂ ಚಕ್ಕಳಮಕ್ಕಳ ಕೂರುವುದಕ್ಕೂ ಹೊಂದುವಂತೆ ರೂಪಿಸಿದ ಕಾಲು ಅದು. ಬೂಟಿಗೆಂದು ಮಾಡಿದ ಪಾದವಾಗಿದ್ದರೆ ಪಾದದಿಂದ ನೆಲ ತಟ್ಟುವ ತಟ್ಟಡವು ಕಷ್ಟವಿತ್ತು. ಅವರ ಸಾಧನೆ ದೊಡ್ಡದು. ಆದರೆ ಅದರಿಂದ ನಮ್ಮ ಪ್ರೇಕ್ಷಕರಿಗೆ ಒಂದು ಅಭ್ಯಾಸ ಅಂಟಿತು: ಎಷ್ಟರಮಟ್ಟಿಗೆ ಮೊದಲಿನಂತೆಯೇ ಕುಣಿದರು ಎಂದು ಅಳೆಯುವುದು. ಒಟ್ಟಿಗೆ ನರ್ತಿಸುವ ಪ್ರಯೋಗಗಳಿಗೆ ಆ ಅಳತೆಗೋಲು ಹೊಂದುವುದಿಲ್ಲ. ನಾನು ಕೇಳುವ ಪ್ರಶ್ನೆ ಇಷ್ಟೆ: ಈ ಕಲಾವಿದೆಯ ಜಾಗದಲ್ಲಿ ಬೇರೊಬ್ಬರನ್ನು ತಂದು ನಿಲ್ಲಿಸಿದರೆ ಈ ನೃತ್ಯ ಹೀಗೇ ಉಳಿಯುತ್ತದೆಯೇ? ಉಳಿಯುತ್ತದೆ ಎಂದಾದರೆ ಆಕೆಯನ್ನು ಅಲಂಕಾರಕ್ಕೆ ಕೂರಿಸಿದ್ದಾರೆ ಎಂದರ್ಥ. ಕುಳಿತವರ ಸುತ್ತ ನಿಂತವರು ಹೂವು ಹಿಡಿದು ಸುತ್ತುವ, ಕುರ್ಚಿ ತಳ್ಳಿ ಮೂಲೆಗೆ ಬಿಡುವ ನೃತ್ಯಗಳನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಮೈಸೂರಿನವರಿಗೆ ಕುಳಿತು ನರ್ತಿಸುವುದು ಅಪರಿಚಿತ ಆಗಬೇಕಿಲ್ಲ. ಪದ, ಜಾವಳಿ ಎಂಬ ಭಾವಪ್ರಧಾನ ಹಾಡುಗಳಿಗೆ ಕುಳಿತಲ್ಲೇ ಅಭಿನಯಿಸುವುದು ಹಳೆಯ ಪದ್ಧತಿ. ಮೈಸೂರು ಆಸ್ಥಾನದ ನರ್ತಕಿ ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರ (1906–2002) ಹೆಸರು ಇಂದಿಗೂ ಉಳಿದಿರುವುದು ಅಭಿನಯದಿಂದ. ಹುಬ್ಬು, ಕಣ್ಣು, ಕತ್ತುಗಳಿಂದಲೇ ಒಂದು ಸಾಲನ್ನು ಹತ್ತು ಬಗೆಯಲ್ಲಿ ಬಿಡಿಸುವ ಪರಂಪರೆ ಇರುವ ಊರಿನಲ್ಲಿ ಗಾಲಿಕುರ್ಚಿ ನೋಡಿ ಯಾರೂ ಬೆರಗಾಗಬೇಕಿಲ್ಲ.

ಒಂದು ತಕರಾರು. ಅಂದು ಕುರ್ಚಿಯ ಗಾಲಿಗಳಿಗೆ ಗೆಜ್ಜೆ ಕಟ್ಟಿದ್ದರು. ಪಾದ ನೆಲ ತಟ್ಟಿ ತಾಳ ಹೇಳುತ್ತದೆ. ಗಾಲಿ ಉರುಳುತ್ತದೆ, ಅದಕ್ಕೆ ಪೆಟ್ಟು ಎಂಬುದಿಲ್ಲ. ಹಾಗಾಗಿ ಗೆಜ್ಜೆ ಸುಮ್ಮನೆ ಜಣಗುಡುತ್ತಿತ್ತು. ಗೆಜ್ಜೆಯನ್ನು ಮಣಿಕಟ್ಟಿಗೆ ಕಟ್ಟಿ ಗಾಲಿಯ ಬಳೆಯನ್ನು ಅಂಗೈಯಿಂದ ತಟ್ಟಿದ್ದರೆ ಆದಿತಾಳದ ಎಂಟು ಅಕ್ಷರಗಳೂ ಸ್ಪಷ್ಟವಾಗಿ ಕೇಳುತ್ತಿದ್ದವು.

ಚಪ್ಪಾಳೆಯ ಬಗ್ಗೆ ವೈದ್ಯಕೀಯವಾಗಿಯೂ ಒಂದು ಮಾತು ಇದೆ. ಸೆರೆಬ್ರಲ್ ಪಾಲ್ಸಿ ಇರುವ ಹಲವರಲ್ಲಿ ಹಠಾತ್ ಸದ್ದು ಸ್ನಾಯುಗಳನ್ನು ಒಮ್ಮೆಲೇ ಬಿಗಿಯಾಗಿಸುತ್ತದೆ. ನಡುವೆ ಎದ್ದ ಅಬ್ಬರದ ಚಪ್ಪಾಳೆ ಅವರ ಕೈಯ ದಾರಿಯನ್ನೇ ತಪ್ಪಿಸಬಹುದು. ಬೆನ್ನುಹುರಿಗೆ ಪೆಟ್ಟಾದವರ ಕಾಲು ಇದ್ದಕ್ಕಿದ್ದಂತೆ ಅದುರುವುದು ಸೆಳೆತ; ಅದಕ್ಕೆ ಅಯ್ಯೋ ಎನ್ನಬೇಡಿ. ಕಿವಿ ಕೇಳದ ಕಲಾವಿದರಿದ್ದರೆ ವೇದಿಕೆಯ ಪಕ್ಕದಲ್ಲಿ ಸನ್ನೆ ಮಾಡುವವರು ಕಾಣುತ್ತಾರೆ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್ ಸಮಾರೋಪದಲ್ಲಿ ಜಗತ್ತು ನೋಡಿದ, ಚೀನಾದ ಕಿವಿ ಕೇಳದ ಕಲಾವಿದರ ಸಾವಿರ ಕೈಗಳ ನೃತ್ಯ ನಿಂತಿದ್ದೂ ಅಂಥ ಸನ್ನೆಗಳ ಮೇಲೆಯೇ. 1965ರಿಂದ ವಾಕ್ ಶ್ರವಣ ಸಂಸ್ಥೆ ಇರುವ ನಮ್ಮೂರಿನಲ್ಲಿ ಪ್ರೇಕ್ಷಕರಿಗೂ ಸನ್ನೆ ಭಾಷೆಯ ಅನುವಾದಕರನ್ನು ಒದಗಿಸುವುದು ಕಷ್ಟವಾಗಬಾರದು.

ಕಲೆಗೆ ಅವಕಾಶ ಕಲ್ಪಿಸುವುದು ಸರ್ಕಾರದ ಕರ್ತವ್ಯ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಸಭಾಂಗಣಗಳು ಅದನ್ನು ಓದಿದಂತಿಲ್ಲ. ಇಳಿಜಾರಿನ ಲೆಕ್ಕ 1:12; ಮೂರು ಅಡಿ ಎತ್ತರದ ವೇದಿಕೆಗೆ 36 ಅಡಿ ಉದ್ದದ ರ‍್ಯಾಂಪ್ ಬೇಕು. ಅದಿಲ್ಲದ ಕಡೆ ನಾಲ್ವರು ಕುರ್ಚಿಯನ್ನು ಹೊತ್ತು ಏರಿಸುತ್ತಾರೆ, ಕಲಾವಿದೆ ವೇಷ ಸರಿಪಡಿಸಿಕೊಳ್ಳುತ್ತಾ ಮುಜುಗರ ನುಂಗುತ್ತಾರೆ. ಪ್ರಸಾಧನ ಕೊಠಡಿಯ ಶೌಚಾಲಯಕ್ಕೆ ಕುರ್ಚಿ ಹೋಗದಿದ್ದರೆ ಆಕೆ ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿರುತ್ತಾರೆ. ಬೆನ್ನುಹುರಿಗೆ ಎದೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಪೆಟ್ಟಾದವರ ಮೈ ಪೆಟ್ಟಿನ ಜಾಗದ ಕೆಳಗೆ ಸರಿಯಾಗಿ ಬೆವರುವುದಿಲ್ಲ. ನೀರೂ ಇಲ್ಲದೆ ದೀಪಗಳ ಕೆಳಗೆ ಮೈ ಬೇಗ ಕಾಯುತ್ತದೆ, ಮೂತ್ರದ ಸೋಂಕಿಗೂ ದಾರಿಯಾಗುತ್ತದೆ. ಸಭಾಂಗಣ ಕಾದಿರಿಸುವ ಸಂಘಟಕರು ಧ್ವನಿವರ್ಧಕ ಪರೀಕ್ಷಿಸುವ ಮೊದಲು ಅಳತೆ ಟೇಪು ಹಿಡಿದು ಆ ಶೌಚಾಲಯದ ಬಾಗಿಲಿಗೆ ಹೋಗಲಿ. 900 ಮಿಲಿಮೀಟರ್ ಅಗಲ ಇರಬೇಕು, ಒಳಗೆ ಕುರ್ಚಿ ತಿರುಗಿಸಲು ಜಾಗವೂ ಇರಬೇಕು.