ಚಿಮಣಿ ಯಾರ ಲೆಕ್ಕದಲ್ಲಿದೆ?

ಕಂಪನಿಗಳ ಇಂಗಾಲದ ಲೆಕ್ಕ ಪರಿಶೀಲಿಸುವುದು ನನ್ನ ಕೆಲಸ. ‘ಹಸಿರು ಇಂಧನ’ ಎಂಬ ಸಾಲಿನಲ್ಲಿ ನೈಸರ್ಗಿಕ ಅನಿಲವೋ ಗಡಿಯಾಚೆಯಿಂದ ಕೊಂಡ ವಿದ್ಯುತ್ತೋ ಕಂಡರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅನಿಲ ಹಸಿರು, ಆಮದು ವಿದ್ಯುತ್ ಹಸಿರು ಎಂಬ ಎರಡು ವಾದಗಳೂ ಬೇರೆ ಬೇರೆ ಎನಿಸಿದರೂ ಕೈಚಳಕ ಒಂದೇ: ಹೊಗೆ ಆಚೆ ಉಳಿಯುವಂತೆ ಲೆಕ್ಕದ ಗೆರೆ ಎಳೆಯುವುದು.

ಅನಿಲದ ಪರ ಮಾತಾಡುವವರು ಸುಳ್ಳು ಹೇಳುತ್ತಿಲ್ಲ. ಕಲ್ಲಿದ್ದಲು ಸ್ಥಾವರದ ಚಿಮಣಿಗೆ ಹೋಲಿಸಿದರೆ ಅನಿಲ ಸ್ಥಾವರದ್ದು ಸುಮಾರು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಬೂದಿಯ ರಗಳೆಯೂ ಇಲ್ಲ. ಆದರೆ ಇಂಧನ ತೆಗೆಯುವುದರಿಂದ ಹಿಡಿದು ಎಲ್ಲವನ್ನೂ ಕೂಡಿಸಿದಾಗ, ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 2014ರ ವರದಿಯ ಮಧ್ಯಮ ಅಂದಾಜಿನಲ್ಲಿ ಒಂದು ಯೂನಿಟ್‌ಗೆ ಕಲ್ಲಿದ್ದಲಿನದು 820 ಗ್ರಾಂ, ಅನಿಲದ್ದು 490, ನೆಲದ ಮೇಲಿನ ಗಾಳಿಯಂತ್ರದ್ದು 11. ಅನಿಲ ಯಾರ ಪಕ್ಕ ಕೂರಬೇಕೆಂದು ಈ ಮೂರು ಅಂಕಿಗಳೇ ಹೇಳುತ್ತವೆ.

ಚಿಮಣಿಯವರೆಗೆ ತಲುಪದ ಅನಿಲದ ಕಥೆ ಇನ್ನೂ ಕೆಟ್ಟದ್ದು. ಶೇ 50 ದಕ್ಷತೆಯ ಸ್ಥಾವರಕ್ಕೆ ಒಂದು ಯೂನಿಟ್ ತಯಾರಿಸಲು ಸುಮಾರು 140 ಗ್ರಾಂ ಅನಿಲ ಬೇಕು. ಉರಿದರೆ 400 ಗ್ರಾಂ ಇಂಗಾಲದ ಡೈಆಕ್ಸೈಡ್. ಬಾವಿ, ಕೊಳವೆ, ಕಂಪ್ರೆಸರ್‌ಗಳಲ್ಲಿ ಶೇ 3ರಷ್ಟು ಸೋರಿತು ಅನ್ನಿ, ಬರೀ ನಾಲ್ಕು ಗ್ರಾಂ. ಅದು ಬಹುಪಾಲು ಮೀಥೇನ್. ಇಪ್ಪತ್ತು ವರ್ಷದ ಅವಧಿಯಲ್ಲಿ ಮೀಥೇನಿನ ತಾಪಕ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಮಿಗಿಲು. ಹಾಗಾಗಿ ಆ ನಾಲ್ಕು ಗ್ರಾಂ ಮುನ್ನೂರಕ್ಕೂ ಹೆಚ್ಚು ಗ್ರಾಂಗೆ ಸಮ. ಕಲ್ಲಿದ್ದಲಿನ ಮೇಲಿದ್ದ ಮೇಲುಗೈ ಬಹುಮಟ್ಟಿಗೆ ಕರಗಿಹೋಗುತ್ತದೆ. ನೂರು ವರ್ಷಕ್ಕೆ ಲೆಕ್ಕ ಹಾಕಿದರೆ ಈ ಪಟ್ಟು 30ರ ಆಸುಪಾಸಿಗೆ ಇಳಿಯುತ್ತದೆ. ಅನಿಲದ ಕರಪತ್ರಗಳಿಗೆ ನೂರು ವರ್ಷವೇ ಯಾಕೆ ಅಷ್ಟು ಪ್ರಿಯ ಎಂದು ಬಿಡಿಸಿ ಹೇಳಬೇಕಿಲ್ಲ.

ಯುರೋಪಿಯನ್ ಒಕ್ಕೂಟ 2022ರಲ್ಲಿ ಅನಿಲವನ್ನು ತನ್ನ ಸುಸ್ಥಿರ ಹೂಡಿಕೆಯ ಪಟ್ಟಿಗೆ ‘ಪರಿವರ್ತನೆಯ ಚಟುವಟಿಕೆ’ ಎಂದು ಸೇರಿಸಿತು. ವಿರೋಧದ ನಿರ್ಣಯ ಸಂಸತ್ತಿನಲ್ಲಿ 278–328 ಮತಗಳಿಂದ ಬಿದ್ದುಹೋಯಿತು. ಪಟ್ಟಿ ಸೇರಲು ಹೊರಸೂಸುವಿಕೆಯ ಮೂಲ ಮಿತಿ ಯೂನಿಟ್‌ಗೆ 100 ಗ್ರಾಂ. 2030ರೊಳಗೆ ಪರವಾನಗಿ ಪಡೆದು, ಹೆಚ್ಚು ಹೊಗೆಯ ಹಳೆಯ ಸ್ಥಾವರದ ಬದಲಿಗೆ ಕಟ್ಟುವಂಥವಕ್ಕೆ, ಇನ್ನಷ್ಟು ಷರತ್ತುಗಳ ಜೊತೆ, 270 ಗ್ರಾಂವರೆಗೆ ರಿಯಾಯಿತಿ. ಕಲ್ಲಿದ್ದಲು ಮುಚ್ಚಿಸುವ ಉಪಾಯವಾಗಿ ಇದನ್ನು ಒಪ್ಪಬಹುದು. ಹಸಿರು ಎಂಬ ಹೆಸರಿಗೆ ಮಾತ್ರ ನನ್ನ ಸಹಿ ಸಿಗದು.

ಆಮದು ವಿದ್ಯುತ್ತಿನದು ಇನ್ನೂ ನವಿರಾದ ವಿಷಯ. ದೇಶಗಳ ಹೊರಸೂಸುವಿಕೆಯ ಪಟ್ಟಿಯಲ್ಲಿ ಹೊಗೆ ಎಲ್ಲಿ ಎದ್ದಿತೋ ಆ ದೇಶದ ಖಾತೆಗೇ ಅದು ಬೀಳುತ್ತದೆ. ಕೊಂಡ ದೇಶದ ಪಟ್ಟಿಯಲ್ಲಿ ಆಮದು ವಿದ್ಯುತ್ ಸೊನ್ನೆ, ಅದು ಕಲ್ಲಿದ್ದಲಿನದೇ ಆಗಿದ್ದರೂ. ನಿಯಮ ತಪ್ಪಲ್ಲ, ಒಂದೇ ಹೊಗೆಯನ್ನು ಎರಡು ಸಲ ಎಣಿಸಬಾರದು ಎಂಬುದಷ್ಟೇ ಅದರ ಉದ್ದೇಶ. ಆ ಸೊನ್ನೆಯನ್ನು ಎತ್ತಿಕೊಂಡು ಜಾಹೀರಾತು ಬರೆಯುವುದು ತಪ್ಪು.

ವಿದ್ಯುತ್ ಹಸಿರು ಮೂಲದ್ದೆಂಬ ಪ್ರಮಾಣಪತ್ರ ಇದೆಯಲ್ಲ ಎನ್ನುತ್ತಾರೆ. ಐಸ್‌ಲೆಂಡ್ ನೋಡಿ. ಯುರೋಪ್ ಖಂಡಕ್ಕೆ ಅಲ್ಲಿಂದ ವಿದ್ಯುತ್ ಕೇಬಲ್ಲೇ ಇಲ್ಲ, ಆದರೂ ಅದರ ಹಸಿರು ಮೂಲದ ಪ್ರಮಾಣಪತ್ರಗಳು ಖಂಡದಲ್ಲಿ ಮಾರಾಟವಾದವು. ಪರಿಣಾಮ, ಜಲವಿದ್ಯುತ್ ಮತ್ತು ಭೂಶಾಖದಿಂದಲೇ ನಡೆಯುವ ಆ ನಾಡಿನ ಕಾಗದದಲ್ಲಿ, ಮಾರಿಹೋದ ಹಸಿರಿನ ಜಾಗಕ್ಕೆ, ಕಲ್ಲಿದ್ದಲು, ಅಣುವಿದ್ಯುತ್ ಕಾಣಿಸಿಕೊಂಡವು! ಕೇಬಲ್ ಇದ್ದಾಗಲೂ ಅನುಮಾನ ಹೋಗುವುದಿಲ್ಲ. ನೆರೆಯವರು ತಮ್ಮ ಜಲವಿದ್ಯುತ್ತನ್ನು ನಿಮ್ಮ ಹೆಸರಿಗೆ ಬರೆದು, ತಮ್ಮವರಿಗೆ ಕಲ್ಲಿದ್ದಲಿನದು ಕೊಟ್ಟರೆ ವಾತಾವರಣಕ್ಕೆ ಒಂದು ಗ್ರಾಂ ಕೂಡ ಉಳಿಯಲಿಲ್ಲ.

ಈ ಅದಲುಬದಲನ್ನು ಕ್ಯಾಲಿಫೋರ್ನಿಯಾ ಹೊಗೆಗೆ ಬೆಲೆ ಕಟ್ಟುವ ತನ್ನ ಇಂಗಾಲ ಮಾರುಕಟ್ಟೆಯ ನಿಯಮಗಳಲ್ಲೇ ನಿಷೇಧಿಸಿದೆ. ಹೊರರಾಜ್ಯದಿಂದ ಬಂದ ವಿದ್ಯುತ್ತಿನ ಹೊಗೆಗೂ ಅಲ್ಲಿ ಲೆಕ್ಕ ಕೊಡಬೇಕು. ಮೂಲ ತೋರಿಸಲಾಗದಿದ್ದರೆ ಯೂನಿಟ್‌ಗೆ 428 ಗ್ರಾಂ ಎಂದು ಹಿಡಿಯುತ್ತಾರೆ, ಅಂದರೆ ಹೆಚ್ಚುಕಡಿಮೆ ಅನಿಲ ಸ್ಥಾವರದಷ್ಟು.

ನಾನು ಕೇಳುವುದೂ ಇಂಥವೇ: ಯಾವ ಸ್ಥಾವರ, ಯಾವ ಗಂಟೆ, ಆ ಹೊತ್ತಿಗೆ ಕೇಬಲ್‌ನಲ್ಲಿ ಜಾಗ ಇತ್ತೇ, ಅದೇ ಯೂನಿಟ್ಟನ್ನು ಅಲ್ಲಿಯವರೂ ತಮ್ಮದೆಂದು ಬರೆದುಕೊಂಡಿದ್ದಾರೆಯೇ. ಉತ್ತರ ಬಾರದಿದ್ದರೆ ಆ ಸಾಲು ‘ಮೂಲ ತಿಳಿಯದ ವಿದ್ಯುತ್’ ಎಂಬಲ್ಲಿಗೆ ಇಳಿಯುತ್ತದೆ. ಕಂಪನಿಯವರು ಮುಖ ಗಂಟಿಕ್ಕುವುದುಂಟು.