ಧೂಮಕೇತು ಹುಡುಕುವವರು ಮೊದಲು ದಿಗಂತ ನೋಡಿಕೊಳ್ಳಿ

ಬರಿಗಣ್ಣಿಗೆ ಕಾಣುವ ಧೂಮಕೇತು ಬರುತ್ತಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ನನ್ನ ಫೋನಿಗೆ ಬಿಡುವಿರುವುದಿಲ್ಲ. ಎಲ್ಲರ ಪ್ರಶ್ನೆಯೂ ಒಂದೇ: ‘ಎಷ್ಟು ಹೊಳೆಯುತ್ತದೆ ಮೇಷ್ಟ್ರೇ?’ ಆಕಾಶ ವೀಕ್ಷಣೆ ಕಲಿಸುತ್ತ ಮೂರು ದಶಕ ಕಳೆದಿರುವ ನಾನು ಉತ್ತರಕ್ಕೆ ಮೊದಲು ಮರುಪ್ರಶ್ನೆ ಹಾಕುತ್ತೇನೆ: ‘ನೀವು ನಿಲ್ಲುವ ಜಾಗದಿಂದ ಸೂರ್ಯ ಮುಳುಗುವ ದಿಕ್ಕು ನೆಲ ಮುಟ್ಟುವವರೆಗೂ ಕಾಣುತ್ತದೆಯೇ?’ ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ. ಅದನ್ನು ಅವರು ಯೋಚಿಸಿಯೇ ಇರುವುದಿಲ್ಲ.

ಯೋಚಿಸಬೇಕಾದ ಮೊದಲ ಸಂಗತಿ ಅದೇ. ಧೂಮಕೇತುವಿನ ಬೀಜಭಾಗವೆಂದರೆ ಹಿಮ, ದೂಳು, ಕಲ್ಲು ಬೆರೆತ ಕೆಲವೇ ಕಿಲೊಮೀಟರ್ ಅಗಲದ ಮುದ್ದೆ. ಹ್ಯಾಲಿಯ ಬೀಜಭಾಗ ಸುಮಾರು 15 ಕಿ.ಮೀ. ಉದ್ದವಿದೆ, ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಅಂದರೆ ಇದ್ದಿಲಿನಷ್ಟು ಕಪ್ಪು. ಸೂರ್ಯನ ಬಿಸಿ ತಾಗಿ ಹಿಮ ನೇರವಾಗಿ ಆವಿಯಾಗಿ, ಜೊತೆಗೆ ದೂಳನ್ನೂ ಹೊತ್ತೊಯ್ದಾಗಲೇ ಅದಕ್ಕೆ ತಲೆ, ಬಾಲ ಮೂಡುವುದು. ಹಾಗಾಗಿ ಧೂಮಕೇತು ಚೆನ್ನಾಗಿ ಬೆಳಗುವ ದಿನಗಳು ಅದು ಸೂರ್ಯನ ಬಳಿ ಇರುವ ದಿನಗಳೇ. ಬಹುಪಾಲು ಸಲ ನಮ್ಮ ಆಕಾಶದಲ್ಲೂ ಅದು ಆಗ ಸೂರ್ಯನ ಪಕ್ಕದಲ್ಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಧೂಮಕೇತು ಸೂರ್ಯನಿಂದ 20 ಡಿಗ್ರಿ ದೂರದಲ್ಲಿದೆ ಎಂದುಕೊಳ್ಳೋಣ. ಆಕಾಶ ತಕ್ಕಮಟ್ಟಿಗೆ ಕಪ್ಪಾಗಲು ಸೂರ್ಯ ದಿಗಂತದಿಂದ ಹತ್ತು ಡಿಗ್ರಿಯಾದರೂ ಕೆಳಗಿಳಿಯಬೇಕು. ಧೂಮಕೇತು ಸೂರ್ಯನ ನೆತ್ತಿಯ ಮೇಲೆಯೇ ಇದ್ದರೂ ಆ ಹೊತ್ತಿಗೆ ಅದರ ಪಾಲಿಗೆ ಉಳಿಯುವುದು ಹತ್ತು ಡಿಗ್ರಿ ಎತ್ತರ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಒಂದು ಮುಷ್ಟಿ ಎತ್ತರ, ಅಷ್ಟೇ! ಎದುರಿಗೊಂದು ಮರವೋ ಮಹಡಿಯೋ ಇದ್ದರೆ ಅಂದಿನ ನೋಟ ಮುಗಿಯಿತು. ಕೆಳಗಿನ ದಟ್ಟ ಗಾಳಿ, ದೂಳು, ಮಂಜು ತಿನ್ನುವ ಬೆಳಕು ಬೇರೆ. ಆಕಾಶ ಕಪ್ಪಾಗುವುದಕ್ಕೂ ಧೂಮಕೇತು ಮುಳುಗುವುದಕ್ಕೂ ನಡುವೆ ಕೆಲವೊಮ್ಮೆ ಇಪ್ಪತ್ತೇ ನಿಮಿಷ ಸಿಗುತ್ತದೆ. ಮುಂಜಾವಿನಲ್ಲಿ ಇದೇ ಲೆಕ್ಕ ತಿರುಗುಮುರುಗು. ಆದ್ದರಿಂದ ಜಾಗವನ್ನು ಹಿಂದಿನ ದಿನವೇ ಹೋಗಿ ನೋಡಿಕೊಂಡು ಬನ್ನಿ. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ.

ಇನ್ನು ಎಷ್ಟು ಹೊಳೆಯುತ್ತದೆ ಎಂಬ ಪ್ರಶ್ನೆ. ಮುನ್ಸೂಚನೆ ಬರೆಯುವವರು ಸಾಮಾನ್ಯವಾಗಿ ಹಿಡಿಯುವ ನಿಯಮ ಹೀಗಿದೆ: ಧೂಮಕೇತುವಿಗೂ ಭೂಮಿಗೂ ನಡುವಣ ದೂರ ಅರ್ಧಕ್ಕಿಳಿದರೆ ಹೊಳಪು ನಾಲ್ಕು ಪಟ್ಟಾಗುತ್ತದೆ, ಸೂರ್ಯನಿಂದ ಅದರ ದೂರ ಅರ್ಧಕ್ಕಿಳಿದರೆ ಸುಮಾರು ಹದಿನಾರು ಪಟ್ಟಾಗುತ್ತದೆ. ಮೊದಲನೆಯದು ಶುದ್ಧ ಜ್ಯಾಮಿತಿ, ಅದರಲ್ಲಿ ತಪ್ಪಿಲ್ಲ. ಎರಡನೆಯದು ಹಲವಾರು ಧೂಮಕೇತುಗಳ ಸರಾಸರಿ ನಡತೆ. ಎದುರಿಗೆ ಬರುತ್ತಿರುವ ಧೂಮಕೇತು ಆ ಸರಾಸರಿಯಂತೆಯೇ ನಡೆಯಬೇಕೆಂದಿಲ್ಲ. ಸೌರಮಂಡಲದ ಹೊರ ಅಂಚಿನಿಂದ ಮೊದಲ ಬಾರಿಗೆ ಒಳಬರುವ ಧೂಮಕೇತುವಿನ ಮೈಮೇಲೆ ಬಲು ಬೇಗ ಆವಿಯಾಗುವ ಹಿಮವಿರುತ್ತದೆ. ದೂರದಲ್ಲಿರುವಾಗಲೇ ಅದು ಭರ್ಜರಿಯಾಗಿ ಬೆಳಗಿ ಆಸೆ ಹುಟ್ಟಿಸುತ್ತದೆ. ಆ ಪದರ ಕರಗಿತೋ, ಏರಿಕೆ ಮಂದವಾಗುತ್ತದೆ.

1973ರ ಕೊಹೌಟೆಕ್ ಹೀಗೆಯೇ ಜನರನ್ನು ನಿರಾಸೆಗೊಳಿಸಿತು. ಶತಮಾನದ ಧೂಮಕೇತು ಎಂದು ಕರೆಸಿಕೊಂಡು ಬಂದದ್ದು ಬರಿಗಣ್ಣಿಗೆ ಸಾಧಾರಣವಾಗಿ ಕಂಡು ಮರೆಯಾಯಿತು. ಆ ಕಹಿಯ ನೆನಪಿನಿಂದಲೋ ಏನೋ, 1976ರ ಮಾರ್ಚ್‌ನಲ್ಲಿ ವೆಸ್ಟ್ ಎಂಬ ಧೂಮಕೇತು ಮುಂಜಾವಿನ ಆಕಾಶದಲ್ಲಿ ಬೀಸಣಿಗೆಯಂತೆ ಬಾಲ ಬಿಚ್ಚಿ ನಿಂತಾಗ ಹೆಚ್ಚಿನ ಪತ್ರಿಕೆಗಳು ಅದರತ್ತ ತಿರುಗಿ ನೋಡಲಿಲ್ಲ. ಎಷ್ಟೋ ಜನ ಹಾಸಿಗೆಯಲ್ಲೇ ಉಳಿದರು. ಇದು ನನಗೆ ಇಂದಿಗೂ ಸಂಕಟ ತರುವ ಸಂಗತಿ. 2013ರಲ್ಲಿ ಐಸಾನ್ ಸೂರ್ಯನನ್ನು ಸುತ್ತುವ ಹೊತ್ತಿಗೆ, ನವೆಂಬರ್ 28ರಂದು, ಪುಡಿಯಾಗಿ ಹೋಯಿತು. 2020ರ ವಸಂತದಲ್ಲಿ ಅಟ್ಲಾಸ್ ಎಂಬ ಇನ್ನೊಂದು ಚೂರಾದ ಕೆಲವೇ ತಿಂಗಳಲ್ಲಿ, ಜುಲೈನಲ್ಲಿ, ಯಾರ ನಿರೀಕ್ಷೆಯೂ ಅಷ್ಟಾಗಿ ಇಲ್ಲದಿದ್ದ ನಿಯೋವೈಸ್ ಬರಿಗಣ್ಣಿಗೇ ಬಾಲ ತೋರಿಸಿತು. ಹಾಗಾಗಿ ವರ್ಷಕ್ಕೆ ಮುಂಚೆ ಬರುವ ಅಂಕಿಗಳನ್ನು ನಾನು ಓದುತ್ತೇನೆ, ನೆಚ್ಚಿಕೊಳ್ಳುವುದಿಲ್ಲ. ನೋಡುವ ವಾರದ ವೀಕ್ಷಕರ ವರದಿಯನ್ನಷ್ಟೇ ನೆಚ್ಚಿಕೊಳ್ಳುತ್ತೇನೆ.

ಆ ವಾರದ ಅಂಕಿಯಲ್ಲೂ ಒಂದು ತೊಡಕಿದೆ. ಕಾಂತಿಮಾನ (ಹೊಳಪಿನ ಅಳತೆ) 4 ಎಂದು ಬರೆದಿದ್ದರೆ, ಆ ಕಾಂತಿಮಾನದ ನಕ್ಷತ್ರ ಕಾಣುವಷ್ಟೇ ಸ್ಪಷ್ಟವಾಗಿ ಧೂಮಕೇತುವೂ ಕಾಣುತ್ತದೆ ಎಂದು ಜನ ತಿಳಿಯುತ್ತಾರೆ. ಒಂದು ಹನಿ ಮಸಿಯನ್ನು ಕಾಗದದ ಮೇಲೆ ಚುಕ್ಕೆಯಾಗಿ ಇಟ್ಟರೆ ಅದು ಕಣ್ಣಿಗೆ ಹೊಡೆಯುತ್ತದೆ. ಅದೇ ಹನಿಯನ್ನು ಒಂದು ಬೋಗುಣಿ ನೀರಿಗೆ ಬಿಟ್ಟರೆ ಬಣ್ಣವೇ ತಿಳಿಯುವುದಿಲ್ಲ. ನಕ್ಷತ್ರದ ಬೆಳಕು ಚುಕ್ಕೆಯಲ್ಲಿರುತ್ತದೆ, ಧೂಮಕೇತುವಿನ ಬೆಳಕು ಹರಡಿರುತ್ತದೆ. ಅನುಭವದಿಂದ ಹೇಳುವುದಾದರೆ, ಕಾಂತಿಮಾನ 2ಕ್ಕಿಂತ ಪ್ರಕಾಶವಾದದ್ದು (ಅಂಕಿ ಸಣ್ಣದಾದಷ್ಟೂ ಹೊಳಪು ಹೆಚ್ಚು) ಹೊಸಬರ ಬರಿಗಣ್ಣಿಗೂ ಸಿಗುತ್ತದೆ. ಅದಕ್ಕಿಂತ ಮಂಕಾದರೆ ಕತ್ತಲ ಆಕಾಶ ಬೇಕು, ಪಳಗಿದ ಕಣ್ಣು ಬೇಕು, ಇಲ್ಲವೇ ಕೈಯಲ್ಲಿ ಬೈನಾಕ್ಯುಲರ್ ಬೇಕು. 7x50 ಅಥವಾ 10x50 ಸಾಕು (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ). ದೊಡ್ಡ ದೂರದರ್ಶಕ ಈ ಕೆಲಸಕ್ಕೆ ಅಡ್ಡಿಯೇ. ಬಾಲದ ಒಂದು ತುಣುಕನ್ನಷ್ಟೇ ಅದು ತೋರಿಸುತ್ತದೆ.

ಕಣ್ಣು ಪಳಗುವುದು ಎಂದರೇನು ಎಂಬುದಕ್ಕೆ ಒಂದು ಸಂಜೆಯನ್ನು ನೆನೆಯುತ್ತೇನೆ. 2024ರ ಅಕ್ಟೋಬರ್ ನಡುಭಾಗ. ತ್ಸುಚಿನ್‌ಶಾನ್–ಅಟ್ಲಾಸ್ ಎಂಬ ಧೂಮಕೇತು ಸೂರ್ಯನನ್ನು ಬಳಸಿ ಸಂಜೆಯ ಆಕಾಶಕ್ಕೆ ಬಂದಿತ್ತು. ಪಶ್ಚಿಮದಲ್ಲಿ ಎಡಕ್ಕೆ ಶುಕ್ರ, ಬಲಕ್ಕೆ ಸ್ವಾತಿ ನಕ್ಷತ್ರ, ಇವೆರಡರ ನಡುವೆ ಅದರ ಠಾವು. ಹುಣ್ಣಿಮೆ ಹತ್ತಿರವಾದ್ದರಿಂದ ಬೆನ್ನ ಹಿಂದೆ ಚಂದ್ರನ ಬೆಳಕು. ನಮ್ಮ ಗುಂಪಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಹತ್ತು ನಿಮಿಷ ನೋಡಿ, ‘ಎಲ್ಲರೂ ಕಂಡಿತು ಕಂಡಿತು ಎನ್ನುತ್ತಾರೆ, ನನಗೆ ಏನೂ ಇಲ್ಲವಲ್ಲ ಮೇಷ್ಟ್ರೇ’ ಎಂದರು. ನಡುವೆ ಎರಡು ಬಾರಿ ಮೊಬೈಲ್ ತೆಗೆದು ನೋಡಿದ್ದರು. ಆ ಒಂದು ಕ್ಷಣದ ಬೆಳಕು ಅಷ್ಟು ಹೊತ್ತಿನ ಸಿದ್ಧತೆಯನ್ನು ಕೆಡಿಸುತ್ತದೆ. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ‘ಅಮ್ಮ, ಮೊಬೈಲ್ ಚೀಲದಲ್ಲಿಡಿ. ನಾನು ತೋರಿಸುವ ಜಾಗವನ್ನು ನೇರ ನೋಡಬೇಡಿ. ಅದರಿಂದ ಎರಡು ಬೆರಳು ಪಕ್ಕಕ್ಕೆ ದಿಟ್ಟಿ ಇಟ್ಟು, ಗಮನ ಮಾತ್ರ ಆ ಜಾಗದಲ್ಲಿರಲಿ’ ಎಂದೆ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಅಕ್ಷಿಪಟಲದ ನಟ್ಟನಡುವೆ ಇಲ್ಲ, ಸುತ್ತಲೂ ಹರಡಿವೆ. ಅದಕ್ಕೇ ಈ ಓರೆನೋಟ. ಒಂದೆರಡು ನಿಮಿಷ ಮಾತಿಲ್ಲ. ಆಮೇಲೆ ಅವರ ಕೈ ತಾನಾಗಿ ಮೇಲೆದ್ದು, ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆಯಿತು. ಸರಿಯಾಗಿ ಬಾಲದ ಓರೆಯಲ್ಲೇ.

ಬಾಲ ಯಾವಾಗಲೂ ಸೂರ್ಯನಿಗೆ ವಿಮುಖ. 1531ರಲ್ಲಿ ಖಗೋಳಜ್ಞ ಪೀಟರ್ ಏಪಿಯನ್ ಯುರೋಪಿನಲ್ಲಿ ಇದನ್ನು ಗುರುತಿಸಿ ಬರೆದ. ಚೀನಾದ ವೀಕ್ಷಕರು ಅವನಿಗಿಂತ ನೂರಾರು ವರ್ಷ ಮೊದಲೇ ಕಂಡುಕೊಂಡಿದ್ದರು. ಹುಡುಕುವವರಿಗೆ ಇದು ಬಹಳ ಉಪಯೋಗದ ಮಾತು. ಮುಳುಗಿದ ಸೂರ್ಯ ಕೆಳಗಿರುವುದರಿಂದ ಸಂಜೆಯ ಧೂಮಕೇತುವಿನ ತಲೆ ಕೆಳಗೆ, ಬಾಲ ಮೇಲೆ. ಪಶ್ಚಿಮದಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೆಯುವ, ನೆಲಕ್ಕೆ ಸಮನಾಗಿ ಮಲಗಿದ ಗೆರೆ ಕಂಡಿತೆಂದು ಯಾರಾದರೂ ಫೋಟೊ ಕಳಿಸಿದರೆ ಅದು ಬಹುತೇಕ ವಿಮಾನದ ಹೊಗೆಗೆರೆ. ಐದು ನಿಮಿಷ ಕಾಯಿರಿ, ಹೊಗೆಗೆರೆ ಜಾಗ ಬದಲಿಸುತ್ತದೆ. ಧೂಮಕೇತು ಉಲ್ಕೆಯಂತೆ ಸರ್ರನೆ ಓಡುವುದೂ ಇಲ್ಲ. ನಕ್ಷತ್ರಗಳ ಜೊತೆಯಲ್ಲೇ ನಿಧಾನವಾಗಿ ಇಳಿಯುತ್ತದೆ, ದಿನದಿಂದ ದಿನಕ್ಕೆ ನಕ್ಷತ್ರಗಳ ನಡುವೆ ಠಾವು ಬದಲಿಸುತ್ತದೆ. ಇದಕ್ಕೆ ಅಪವಾದವೂ ಉಂಟು: 1996ರ ಮಾರ್ಚ್ 25ರಂದು ಹ್ಯಾಕುಟಾಕೆ ಭೂಮಿಯಿಂದ ಒಂದೂವರೆ ಕೋಟಿ ಕಿಲೊಮೀಟರ್ ದೂರದಲ್ಲಿ ಹಾದುಹೋದಾಗ ಅರ್ಧ ಗಂಟೆಗೆ ಒಂದು ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯುತ್ತಿತ್ತು.

ಬಾಲ ಎರಡು ಇದ್ದಾವು. ದೂಳಿನದು ಹಳದಿ ಛಾಯೆಯದು, ಬಾಗಿರುತ್ತದೆ, ಕಣ್ಣಿಗೆ ಕಾಣುವುದು ಹೆಚ್ಚಾಗಿ ಅದೇ. ವಿದ್ಯುದಂಶವುಳ್ಳ ಅನಿಲದ ಬಾಲ ನೀಲಿ, ನೇರ. 1997ರ ಹೇಲ್–ಬಾಪ್‌ನಲ್ಲಿ ಎರಡನ್ನೂ ಬೇರೆಬೇರೆಯಾಗಿ ನೋಡಿದವರು ಅದನ್ನು ಮರೆಯಲಾರರು. ಛಾಯಾಚಿತ್ರಗಳಲ್ಲಿ ತಲೆ ಹಸಿರಾಗಿರುವುದು ಇಂಗಾಲದ ಜೋಡಿ ಪರಮಾಣುಗಳ ಹೊಳಪು. ಕ್ಯಾಮೆರಾ ಸೆಕೆಂಡುಗಟ್ಟಲೆ ಬೆಳಕು ಕೂಡಿಡುತ್ತದೆ. ಕಣ್ಣು ಹಾಗೆ ಕೂಡಿಡದ ಕಾರಣ ನಿಮಗೆ ಬೂದು ಬಣ್ಣ ಕಂಡರೆ ನಿಮ್ಮ ಕಣ್ಣಿನ ದೋಷವೆಂದು ತಿಳಿಯಬೇಡಿ. ಬೈನಾಕ್ಯುಲರ್ ಹಿಡಿದವರಿಗೆ ಒಂದು ಕಟ್ಟುನಿಟ್ಟಿನ ಮಾತು: ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಕಣ್ಣಿಗೆ ಹಚ್ಚಿ, ಮುಂಜಾವಿನಲ್ಲಾದರೆ ಸೂರ್ಯೋದಯಕ್ಕೆ ಮೊದಲೇ ಕೆಳಗಿಡಿ.

ಹೊಳಪನ್ನು ನೀವೇ ಅಂದಾಜು ಮಾಡಬಹುದು. ಬೈನಾಕ್ಯುಲರ್‌ನಲ್ಲಿ ಧೂಮಕೇತುವಿನ ತಲೆಯನ್ನು ಸ್ಪಷ್ಟವಾಗಿ ನೋಡಿ ಅದರ ಗಾತ್ರ, ಹೊಳಪು ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈಗ ಸುಮಾರು ಅದೇ ಎತ್ತರದಲ್ಲಿರುವ, ಕಾಂತಿಮಾನ ಗೊತ್ತಿರುವ ಒಂದು ನಕ್ಷತ್ರಕ್ಕೆ ತಿರುಗಿ, ಫೋಕಸ್ ಕೆಡಿಸುತ್ತ ಹೋಗಿ. ಚುಕ್ಕೆ ಊದಿಕೊಂಡು ಮಸುಕು ಬಿಲ್ಲೆಯಾಗುತ್ತದೆ. ಬಿಲ್ಲೆ ಧೂಮಕೇತುವಿನ ತಲೆಯಷ್ಟು ದೊಡ್ಡದಾದಾಗ ನಿಲ್ಲಿಸಿ, ಎರಡರಲ್ಲಿ ಯಾವುದು ಹೆಚ್ಚು ಹೊಳಪು ಎಂದು ನೋಡಿ. ಕೊಂಚ ಹೆಚ್ಚಿನ ಹೊಳಪಿನದೊಂದು, ಕಡಿಮೆಯದೊಂದು, ಹೀಗೆ ಎರಡು ನಕ್ಷತ್ರಗಳ ನಡುವೆ ಧೂಮಕೇತುವನ್ನು ಕೂರಿಸಿದರೆ ಅಂಕಿ ಸಿಕ್ಕಿತು. ಬಾಲದ ಉದ್ದಕ್ಕೆ ಮುಷ್ಟಿಯೇ ಅಳತೆಗೋಲು. ಚಾಚಿದ ಕೈಯ ಒಂದು ಗೇಣು ಸುಮಾರು 20 ಡಿಗ್ರಿ.

ದಿನಾಂಕ, ಗಂಟೆ, ಚಂದ್ರನ ಸ್ಥಿತಿ, ಅಂಕಿ, ಬಾಲದ ಉದ್ದ: ನನ್ನ ಪುಸ್ತಕದಲ್ಲಿ ಒಂದು ಸಂಜೆಗೆ ಒಂದೇ ಸಾಲು. 2024ರ ಅಕ್ಟೋಬರ್‌ನ ಆ ಸಾಲುಗಳನ್ನು ಈಗ ತೆರೆದು ನೋಡಿದರೆ ಧೂಮಕೇತು ಸಂಜೆಯಿಂದ ಸಂಜೆಗೆ ಮೇಲೇರುತ್ತ, ಏರಿದಷ್ಟೂ ಮಂಕಾಗುತ್ತ ಹೋಗಿದೆ. ಆ ಹಿರಿಯ ಮಹಿಳೆ ತಿಂಗಳ ಕೊನೆಯ ವಾರವೂ ಬಂದಿದ್ದರು. ಆ ಹೊತ್ತಿಗೆ ಬಾಲ ಬರಿಗಣ್ಣಿಗೆ ಸಿಗುತ್ತಿರಲಿಲ್ಲ. ಬೈನಾಕ್ಯುಲರ್ ಕೊಟ್ಟೆ. ಜಾಗ ತೋರಿಸುವ ಮೊದಲೇ ಅವರು ಹುಡುಕಿಕೊಂಡರು.